ಸಿನಿಮಾದ ಮಳೆ ಯಾಕೆ ನಮ್ಮ ಮಳೆಯ ಹಾಗೆ ಕೇಳಿಸಲ್ಲ?

ಸಿನಿಮಾದ ಸದ್ದಿನ ಬಗ್ಗೆ ಓದುವಾಗ ಸಿಗುವ ಡೈಜೆಟಿಕ್, ನಾನ್-ಡೈಜೆಟಿಕ್ ಎಂಬ ಪದಗಳಿಗೆ ಹೆದರಬೇಡಿ. ಪಾತ್ರದ ಕಿವಿಗೂ ಬೀಳುವ ಸದ್ದು ಮೊದಲನೆಯದು, ನೋಡುವ ನಮಗೆ ಮಾತ್ರ ಕೇಳುವುದು ಎರಡನೆಯದು. ಮದುವೆಮನೆಯಲ್ಲಿ ವಾಲಗ ನುಡಿಯುತ್ತಿದೆ, ನೆಂಟರು ಕುಣಿಯುತ್ತಿದ್ದಾರೆ. ಇದು ಡೈಜೆಟಿಕ್. ಮರುದಿನ ಹುಡುಗಿ ಒಬ್ಬಳೇ ಮೈಸೂರು ಬಸ್ಸಿನಲ್ಲಿ ಕೂತಿದ್ದಾಳೆ, ವಾಲಗ ಇನ್ನೂ ಕೇಳುತ್ತಿದೆ! ಇದು ನಾನ್-ಡೈಜೆಟಿಕ್ಕಾ, ಅವಳ ನೆನಪಿನೊಳಗಿನ ಸದ್ದಾ? ಎರಡನ್ನೂ ವಾದಿಸಬಹುದು, ಇಂಥ ಪ್ರಶ್ನೆ ಬಂದರೆ ಉತ್ತರದಲ್ಲಿ ಆ ವಾದವನ್ನೇ ಬರೆಯಿರಿ.

ಈಗ ಮಳೆಗೆ ಬರೋಣ. ಹಂಚಿನ ಮೇಲೆ ಬೀಳುವ ಮಳೆ ಬೇರೆ, ತಗಡಿನ ಶೀಟಿನ ಮೇಲೆ ಬೇರೆ, ಕಾಫಿ ಎಲೆ ಮೇಲೆ ಬೇರೆ, ಮಳೆ ನಿಂತ ಮೇಲೂ ಸಿಲ್ವರ್ ಓಕ್ ಮರದಿಂದ ತೊಟ್ಟಿಕ್ಕುವ ಸದ್ದು ಮತ್ತೂ ಬೇರೆ ಅಂತ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಶೂಟಿಂಗ್ ಜಾಗದ ಸದ್ದನ್ನು ಹಾಗೇ ಬಳಸುವುದು ಕಷ್ಟ. ನಿಜವಾದ ಮಳೆಯಲ್ಲಿ ನಟರ ಮಾತು ಮುಳುಗಿಹೋಗುತ್ತದೆ, ಟ್ಯಾಂಕರ್ ನೀರಿನಿಂದ ಸುರಿಸುವ ಮಳೆಯಾದರೆ ಪಂಪು, ಜನರೇಟರಿನ ಗದ್ದಲ. ಹಾಗಾಗಿ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡುತ್ತಾರೆ, ಮಳೆಯನ್ನು ಬೇರೆ ಟ್ರ್ಯಾಕಿನಲ್ಲಿ ಸೇರಿಸುತ್ತಾರೆ, ಕೆಸರಿನಲ್ಲಿ ಇಡುವ ಹೆಜ್ಜೆಯ ಸದ್ದನ್ನು ಪರದೆ ನೋಡುತ್ತಾ ಕೈಕಾಲಿನಿಂದಲೇ ಮಾಡುತ್ತಾರೆ. ಈ ಕೊನೆಯ ಕೆಲಸಕ್ಕೆ ಫೋಲಿ ಅಂತ ಹೆಸರು, ಹಾಲಿವುಡ್‌ನ ಜಾಕ್ ಫೋಲಿಯಿಂದ ಬಂದದ್ದು. ನನ್ನ ತಕರಾರು ಒಂದೇ. ನಾಯಕ ತೋಟದಲ್ಲಿದ್ದರೂ ಬಸ್‌ಸ್ಟ್ಯಾಂಡಿನಲ್ಲಿದ್ದರೂ ಅದೇ ಸೊರ್ ಅನ್ನುವ ಟ್ರ್ಯಾಕ್ ಹಾಕಿಬಿಡುತ್ತಾರೆ. ಚಿತ್ರ ಎಷ್ಟೇ ಚೆನ್ನಾಗಿರಲಿ, ಕಿವಿ ನಂಬುವುದಿಲ್ಲ.

ಗುಡುಗಿನದು ಬೇರೆ ಕಥೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಅಂದರೆ ಮಿಂಚಿದ 3 ಸೆಕೆಂಡಿಗೆ ಗುಡುಗಿದರೆ ಅದು ಸುಮಾರು ಒಂದು ಕಿಲೋಮೀಟರ್ ದೂರದ್ದು. ಸಿನಿಮಾದಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟಿಗೇ. ಇದು ಬೇಕಂತಲೇ ಮಾಡುವುದು, ತಡವಾಗಿ ಬಂದರೆ ಸಿಂಕ್ (ಚಿತ್ರಕ್ಕೂ ಸದ್ದಿಗೂ ಇರುವ ಹೊಂದಾಣಿಕೆ) ತಪ್ಪಿದೆ ಅಂತ ನೋಡುವವರಿಗೆ ಅನಿಸಬಹುದು.

ಸೀರಿಯಲ್ ಸಂಗೀತ ಅತಿಯಾಯಿತು ಅಂತ ಸುಮ್ನೆ ನಗಬೇಡಿ. ಥಿಯೇಟರಿನಲ್ಲಿ ಜನ ಕತ್ತಲಲ್ಲಿ ಕೂತು ನೋಡುತ್ತಾರೆ. ಮನೆಯಲ್ಲಿ ಒಬ್ಬರು ಅಕ್ಕಿರೊಟ್ಟಿ ತಟ್ಟುತ್ತಾ, ಇನ್ನೊಬ್ಬರು ಫೋನ್ ನೋಡುತ್ತಾ ಇರುತ್ತಾರೆ, ಅಲ್ವಾ? ಅತ್ತೆಯ ಮುಖ ಮೂರು ಸಲ ಬಂದಾಗ ಮೂರು ಸಲ 'ಧಡ್' ಅನ್ನುವುದು ಅಡುಗೆಮನೆಯಲ್ಲಿ ಇರುವವರನ್ನು ಕರೆಯುವುದಕ್ಕೆ. ಪರೀಕ್ಷೆ ಮಾಡಬೇಕಾ? ಟಿವಿಗೆ ಬೆನ್ನು ಹಾಕಿ ಒಂದು ಎಪಿಸೋಡ್ ಕೇಳಿ, ಯಾವ ಸದ್ದಿಗೆ ತಿರುಗಿ ನೋಡಿದಿರಿ ಅಂತ ಬರೆದಿಟ್ಟುಕೊಳ್ಳಿ.