ಫ್ಲೆಕ್ಸ್ ಬರೆದುಕೊಟ್ಟ ಫೈಲಿನಲ್ಲಿ ಆ 256 ಅಂಕಿಗಳು ಯಾಕಿವೆ?

ಪ್ರಶ್ನೆ: ಸರ್, ಲ್ಯಾಬಿನಲ್ಲಿ ಪ್ರೋಗ್ರಾಮಿನ ಪಠ್ಯವನ್ನು ಪದಪದವಾಗಿ ಬಿಡಿಸುವ ಏಳು ನಿಯಮಗಳ ಚಿಕ್ಕ ಸ್ಕ್ಯಾನರ್ ಬರೆದು, ನಿಯಮಗಳಿಂದ ಸಿ ಕೋಡ್ ತಯಾರಿಸುವ ಫ್ಲೆಕ್ಸ್‌ಗೆ ಕೊಟ್ಟೆ. ಅದು ಕೊಟ್ಟ ಸಿ ಫೈಲ್ ತೆರೆದರೆ ವೈವೈ_ಇಸಿ ಅಂತ ಒಂದು ಅರೇ ಇದೆ. 256 ಅಂಕಿ, ಅದರಲ್ಲಿ ಹೆಚ್ಚಿನವು ಬರೀ 1. ನಾನಂತೂ ಇದನ್ನು ಬರೆದಿಲ್ಲ. ಇದರ ಕೆಲಸ ಏನು? ತೆಗೆದುಹಾಕಬಹುದಾ?

ಉತ್ತರ: ತೆಗೆದುಹಾಕಬೇಡಿ, ಸ್ಕ್ಯಾನರ್ ಕಂಪೈಲೇ ಆಗುವುದಿಲ್ಲ. ದಾವಣಗೆರೆಯಲ್ಲಿ ಕಂಪೈಲರ್ ಲ್ಯಾಬ್ ಮಾಡುವ ಹುಡುಗರು ನನಗೆ ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಆ ಅರೇ ಒಂದು ಗುಂಪು ಪಟ್ಟಿ. ಫ್ಲೆಕ್ಸ್ ಕಣ್ಣಿಗೆ ಪ್ರತಿ ಅಕ್ಷರವೂ 0ರಿಂದ 255ರೊಳಗಿನ ಒಂದು ಕೋಡ್, ಹಾಗಾಗಿ 256 ಮನೆ. ಯಾವ ಅಕ್ಷರ ಯಾವ ಗುಂಪಿಗೆ ಸೇರಿದ್ದು ಅಂತ ಹೇಳುತ್ತದೆ, ಅಷ್ಟೇ. ಇಸಿ ಅಂದರೆ ಈಕ್ವಿವಲೆನ್ಸ್ ಕ್ಲಾಸ್. ನಾನು ಸುಮ್ನೆ ಗುಂಪು ಅಂತಲೇ ಬರೆಯುತ್ತೇನೆ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಕೆಂಪು ಬಸ್ಸು ಹತ್ತಿದ್ದೀರಿ ಅಂದುಕೊಳ್ಳಿ. ಒಳಗೆ ಐವತ್ತು ಜನ. ಕಂಡಕ್ಟರ್‌ಗೆ ನಿಮ್ಮ ಹೆಸರು ಬೇಡ, ಓದುವ ಕಾಲೇಜು ಬೇಡ. ಪೂರ್ತಿ ಟಿಕೆಟ್ಟಾ, ಅರ್ಧವಾ, ಪಾಸಾ? ಇಷ್ಟು ಗೊತ್ತಾದರೆ ಸಾಕು. ಐವತ್ತು ಜನ ಅವರ ಕಣ್ಣಿಗೆ ಮೂರೇ ಥರದವರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಅದಕ್ಕೆ ಮೊದಲು ಪೂರ್ತಿ ಟಿಕೆಟ್ಟಿನ ಗಂಡಸರು, ಹೆಂಗಸರು ಒಂದೇ ಗುಂಪು. ಅವತ್ತಿನಿಂದ ಆ ಗುಂಪು ಎರಡಾಯಿತು, ಹೆಂಗಸರಿಗೆ ಶೂನ್ಯ ಟಿಕೆಟ್. ಬಸ್ಸಿನ ಜನ ಅವರೇ. ಹೊಸ ನಿಯಮ ಬಂತು, ಗುಂಪು ಒಡೆಯಿತು.

ಫ್ಲೆಕ್ಸ್ ಮಾಡುವುದೂ ಇದನ್ನೇ. ಶುರುವಿನಲ್ಲಿ ಎಲ್ಲ ಅಕ್ಷರಗಳೂ ಒಂದೇ ಗುಂಪು. ನಿಮ್ಮ ನಿಯಮಗಳನ್ನು ಓದುತ್ತಾ ಹೋಗುತ್ತದೆ. ಒಂದು ನಿಯಮ ಒಂದು ಗುಂಪಿನ ಕೆಲವರನ್ನು ಮಾತ್ರ ಕರೆದು ಉಳಿದವರನ್ನು ಬಿಟ್ಟರೆ, ಆ ಗುಂಪು ಎರಡಾಗುತ್ತದೆ. ಎಲ್ಲರನ್ನೂ ಒಟ್ಟಿಗೆ ಕರೆದರೆ, ಅಥವಾ ಯಾರನ್ನೂ ಕರೆಯದಿದ್ದರೆ, ಗುಂಪು ಹಾಗೇ ಉಳಿಯುತ್ತದೆ.

ನೀವು ಕಳಿಸಿದ ಏಳು ನಿಯಮಗಳನ್ನೇ ತೆಗೆದುಕೊಳ್ಳೋಣ: ಇಫ್ ಎಂಬ ಕೀವರ್ಡ್ (ಭಾಷೆ ತನಗೇ ಮೀಸಲಿಟ್ಟ ಪದ), ಚಿಕ್ಕ ಅಕ್ಷರದಿಂದ ಶುರುವಾಗಿ ಚಿಕ್ಕ ಅಕ್ಷರ ಮತ್ತು ಅಂಕಿಗಳು ಬರುವ ಹೆಸರು, 0ರಿಂದ 9ರ ಅಂಕಿಗಳ ಸಂಖ್ಯೆ, ಸ್ಪೇಸ್ ಅಥವಾ ಟ್ಯಾಬ್, ಹೊಸ ಸಾಲು, ಪ್ಲಸ್ ಚಿಹ್ನೆ, ಕೊನೆಗೆ ಉಳಿದದ್ದೆಲ್ಲ ಹಿಡಿಯುವ ಚುಕ್ಕೆ. ಅಂಕಿಗಳು ಎಲ್ಲಿ ಬಂದರೂ ಹತ್ತೂ ಒಟ್ಟಿಗೇ ಬರುತ್ತವೆ. ಯಾವ ನಿಯಮಕ್ಕೂ 3 ಬೇರೆ, 7 ಬೇರೆ ಅಂತಿಲ್ಲ. ಹಾಗಾಗಿ ಹತ್ತೂ ಒಂದೇ ಗುಂಪು. ಇಂಗ್ಲಿಷಿನ 26 ಚಿಕ್ಕ ಅಕ್ಷರಗಳ ಕಥೆ ಹಾಗಲ್ಲ. ಇಫ್ ಕೀವರ್ಡಿಗಾಗಿ ಐ ಒಂದು ಕಡೆ, ಎಫ್ ಒಂದು ಕಡೆ ಹೋದವು. ಮಿಕ್ಕ 24 ಒಟ್ಟಿಗೆ ಉಳಿದವು.

ಈಗ ಆ ಅರೇಯನ್ನು ಮತ್ತೆ ನೋಡಿ. ಮೊದಲ ಮನೆಯಲ್ಲಿ 0 ಇರುತ್ತದೆ. ಅದು ಕೋಡ್ 0 ಇರುವ ನಲ್ ಅಕ್ಷರದ ಜಾಗ. ಫ್ಲೆಕ್ಸ್ ತನ್ನ ಬಫರ್ (ಓದಬೇಕಾದ ಪಠ್ಯ ಇಟ್ಟುಕೊಳ್ಳುವ ಜಾಗ) ಮುಗಿಯಿತು ಅನ್ನುವುದಕ್ಕೆ ನಲ್ ಅನ್ನೇ ಗುರುತಾಗಿ ಬಳಸುತ್ತದೆ, ಹಾಗಾಗಿ ಅದರ ದಾರಿ ಬೇರೆ. ಆಮೇಲೆ 1ಗಳ ಸಾಲು, ಯಾವ ನಿಯಮವೂ ಹೆಸರು ಹಿಡಿದು ಕರೆಯದವರು. ಒಂಬತ್ತನೇ ಕೋಡ್ ಟ್ಯಾಬ್, ಅಲ್ಲಿ 2. ಹತ್ತನೆಯದು ಹೊಸ ಸಾಲು, 3. ಮೂವತ್ತೆರಡರಲ್ಲಿ ಸ್ಪೇಸ್, ಮತ್ತೆ 2, ಟ್ಯಾಬಿನ ಜೊತೆಗಾರ ಅಲ್ವಾ. 43ರಲ್ಲಿ ಪ್ಲಸ್, 4. ಅಂಕಿಗಳೆಲ್ಲ 5. ಎ ಇಂದ ಇ ತನಕ 6, ಎಫ್ 7, ಜಿ ಮತ್ತು ಎಚ್ ಪುನಃ 6, ಐ 8, ಅಲ್ಲಿಂದ ಜೆಡ್ ತನಕ 6. ಒಟ್ಟು 8 ಗುಂಪು. ಗುಂಪಿನಲ್ಲಿ ಮೊದಲು ಕಾಣಿಸುವ ಅಕ್ಷರದ ಸರದಿಯಲ್ಲೇ ನಂಬರ್ ಬೀಳುತ್ತದೆ. ಇದನ್ನು ಒಮ್ಮೆ ಕೈಯಲ್ಲಿ ಬರೆದು ನೋಡಿ, ಐದು ನಿಮಿಷದ ಕೆಲಸ.

ಇಷ್ಟೆಲ್ಲ ಯಾಕೆ ಬೇಕು? ಸ್ಕ್ಯಾನರ್ ಒಳಗೆ ಓಡುವುದು ಒಂದು ಟೇಬಲ್. ಇಲ್ಲಿಯ ತನಕ ಏನೇನು ಓದಿಯಾಯಿತು ಅನ್ನುವ ಹಂತಕ್ಕೆ ಸ್ಟೇಟ್ ಅಂತ ಹೆಸರು. ಪ್ರತಿ ಸ್ಟೇಟ್‌ಗೆ ಒಂದು ಸಾಲು, ಪ್ರತಿ ಅಕ್ಷರಕ್ಕೆ ಒಂದು ಮನೆ. "ಈ ಸ್ಟೇಟ್‌ನಲ್ಲಿ ಈ ಅಕ್ಷರ ಬಂದರೆ ಮುಂದೆ ಎಲ್ಲಿಗೆ" ಅಂತ ಆ ಮನೆಯಲ್ಲಿರುತ್ತದೆ. ನಿಮ್ಮ ಸ್ಕ್ಯಾನರ್‌ಗೆ ಕಾಗದದ ಮೇಲೆ ಚಿತ್ರ ಬರೆದರೆ 9 ಸ್ಟೇಟ್ ಬರುತ್ತವೆ. ಗುಂಪು ಇಲ್ಲದಿದ್ದರೆ 9 × 256, ಅಂದರೆ 2304 ಮನೆ. ಗುಂಪು ಮಾಡಿದರೆ 9 × 8, ಬರೀ 72. ಅದಕ್ಕೆ ಗುಂಪು ಪಟ್ಟಿಯ 256 ಸೇರಿಸಿದರೂ 328. ಏಳು ಪಟ್ಟು ಉಳಿತಾಯ! ಇದು ಪುಟ್ಟ ಉದಾಹರಣೆ, ಅದಕ್ಕೇ ಇಷ್ಟು ಚೆನ್ನಾಗಿ ಕಾಣುತ್ತದೆ. ಸಾಮಾನ್ಯವಾಗಿ ಎರಡರಿಂದ ಐದು ಪಟ್ಟು ಇಳಿಯುತ್ತದೆ ಅಂತ ಫ್ಲೆಕ್ಸ್ ಕೈಪಿಡಿ ಹೇಳುತ್ತದೆ. ಖರ್ಚು? ಓದುವ ಪ್ರತಿ ಅಕ್ಷರಕ್ಕೂ ಆ ಅರೇಯಲ್ಲಿ ಒಂದು ಸಲ ಇಣುಕಬೇಕು. ಬೇರೇನಿಲ್ಲ.

ಕೀವರ್ಡ್ ಜಾಸ್ತಿಯಾದಂತೆ ಗುಂಪುಗಳು ಒಡೆಯುತ್ತಾ ಹೋಗುತ್ತವೆ. ನಿಮ್ಮ ಭಾಷೆಗೆ ಇಂಟ್ ಎಂಬ ಕೀವರ್ಡ್ ಸೇರಿಸಿ. ಐ ಆಗಲೇ ಬೇರೆಯಾಗಿದೆ, ಈಗ ಎನ್, ಟಿ ಕೂಡ ಹೊರಟವು. 8 ಇದ್ದದ್ದು 10 ಆಯಿತು. ಹೀಗೇ ಹೋದರೆ ಎಲ್ಲಿಗೆ ನಿಲ್ಲುತ್ತದೆ ಅಂತ ನನಗೆ ಕುತೂಹಲ. ಒಂದು ಭಾನುವಾರ ಕುಳಿತು 1989ರ ಸಿ ಭಾಷೆಯ 32 ಕೀವರ್ಡ್‌ಗಳ ಅಕ್ಷರಗಳನ್ನು ಒಂದೊಂದೇ ಹೊಡೆದುಹಾಕುತ್ತಾ ಬಂದೆ. ಜೆಡ್ ಉಳಿಯುತ್ತದೆ ಅಂದುಕೊಂಡಿದ್ದೆ, ಸೈಜಾಫ್ ಅದನ್ನು ನುಂಗಿತ್ತು. ಎಕ್ಸ್ ಅನ್ನು ಎಕ್ಸ್‌ಟರ್ನ್, ವೈ ಅನ್ನು ಟೈಪ್‌ಡೆಫ್. ಕೊನೆಗೆ ಉಳಿದದ್ದು ಎರಡೇ: ಜೆ ಮತ್ತು ಕ್ಯೂ. ಇಡೀ ಸಿ ಭಾಷೆಯ ಸ್ಕ್ಯಾನರ್ ಕಣ್ಣಿಗೆ ಜೆ, ಕ್ಯೂ ಅವಳಿಜವಳಿ! ದೊಡ್ಡ ಅಕ್ಷರಗಳಲ್ಲಿ ಮಾತ್ರ ಕೀವರ್ಡ್ ಕಾಟ ಇಲ್ಲ, ಅಲ್ಲಿ ಗುಂಪುಗಳು ದೊಡ್ಡದಾಗಿಯೇ ಉಳಿಯುತ್ತವೆ.

ಒಂದು ಸಣ್ಣ ವಿಷಯ, ಪುಸ್ತಕದಲ್ಲಿ ಸಾಮಾನ್ಯವಾಗಿ ಸಿಗದ್ದು. ಫ್ಲೆಕ್ಸ್ ಗುಂಪು ಮಾಡುವುದು ನೀವು ಬರೆದ ರೀತಿ ನೋಡಿ. ಪ್ಲಸ್ ಮತ್ತು ಮೈನಸ್ ಒಂದೇ ಕೆಲಸ ಮಾಡುತ್ತವೆ ಅಂತಿಟ್ಟುಕೊಳ್ಳಿ. ಎರಡನ್ನೂ ಚೌಕ ಕಂಸದೊಳಗೆ ಒಟ್ಟಿಗೆ ಬರೆದರೆ ಒಂದು ಗುಂಪು. ಬಿಡಿಬಿಡಿಯಾಗಿ ಬರೆದು ನಡುವೆ ಅಡ್ಡಗೆರೆ ಹಾಕಿ "ಇದು ಅಥವಾ ಅದು" ಅಂದರೆ ಎರಡು ಗುಂಪು. ಅರ್ಥ ಒಂದೇ ಆದರೂ ಟೇಬಲ್ ಬೇರೆ. ಹಾಗಾಗಿ ಒಟ್ಟಿಗೆ ಹೋಗುವವನ್ನು ಕಂಸದಲ್ಲಿ ಬರೆಯುವುದೇ ಒಳ್ಳೆಯದು.

ಫ್ಲೆಕ್ಸ್ ಓಡಿಸುವಾಗ ಕಮಾಂಡಿನಲ್ಲಿ ಕೊಡುವ ಆಯ್ಕೆಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನೀವೇನೂ ಹೇಳದಿದ್ದರೆ ಫ್ಲೆಕ್ಸ್ ಗುಂಪು ಮಾಡಿಯೇ ಮಾಡುತ್ತದೆ, ಮೇಲೆ ಗುಂಪುಗಳದ್ದೇ ಇನ್ನೊಂದು ಸುತ್ತಿನ ಗುಂಪನ್ನೂ ಮಾಡಿ ಟೇಬಲ್ ಹಿಂಡುತ್ತದೆ. ದೊಡ್ಡ ಸಿ, ಚಿಕ್ಕ ಎಫ್ ಕೊಟ್ಟರೆ ಹಿಂಡದ ಪೂರ್ತಿ ಟೇಬಲ್ ಬರುತ್ತದೆ, ವೇಗ ಹೆಚ್ಚು, ಫೈಲ್ ದಪ್ಪ. ಅದಕ್ಕೆ ಚಿಕ್ಕ ಇ ಕೂಡ ಸೇರಿಸಿದರೆ ಪೂರ್ತಿ ಟೇಬಲ್ಲೇ ಆದರೂ ಗುಂಪು ಉಂಟು. ನನಗೆ ಇಷ್ಟವಾದದ್ದು ಈ ನಡುವಿನ ದಾರಿ. ಚಿಕ್ಕ ವಿ ಕೊಟ್ಟರೆ ಎಷ್ಟು ಗುಂಪಾಯಿತು ಅಂತ ಅದೇ ಹೇಳುತ್ತದೆ.

ಆ ಅರೇಯನ್ನು ಕೈಯಾರೆ ತಿದ್ದಬಹುದಾ ಅಂತಲೂ ಕೆಲವರು ಕೇಳುತ್ತಾರೆ. ನಾನು ತಿದ್ದಿದ್ದೇನೆ. ಹೆಸರುಗಳಲ್ಲಿ ಅಂಡರ್‌ಸ್ಕೋರ್ ಬೇಕಿತ್ತು. ನಿಯಮ ಬದಲಿಸುವ ಬದಲು ಅಂಡರ್‌ಸ್ಕೋರಿನ ಮನೆಯಲ್ಲಿದ್ದ 1 ಅಳಿಸಿ ಅಕ್ಷರಗಳ ಗುಂಪಿನ ನಂಬರ್ ಬರೆದೆ. ಕೆಲಸ ಮಾಡಿತು! ಬೀಗುತ್ತಾ ಟೀ ಕುಡಿದು ಬಂದೆ. ಪ್ರೋಗ್ರಾಂ ಮತ್ತೆ ಕಟ್ಟಲು ಮೇಕ್ ಓಡಿಸಿದ ತಕ್ಷಣ ಫ್ಲೆಕ್ಸ್ ಆ ಫೈಲನ್ನು ಹೊಸದಾಗಿ ಬರೆಯಿತು, ನನ್ನ ತಿದ್ದುಪಡಿ ಮಾಯ. ಎಲ್ಲಿ ತಪ್ಪಿತು ಅಂತ ಅರ್ಧ ದಿನ ಹುಡುಕಿದೆ. ತಿದ್ದುವುದಿದ್ದರೆ ನಿಯಮದಲ್ಲೇ ತಿದ್ದಿ.

ಕನ್ನಡ ಅಕ್ಷರ ಕೊಟ್ಟರೆ ಏನಾಗುತ್ತದೆ ಅನ್ನುವುದು ಇದೇ ಪ್ರಶ್ನೆಯ ಬಾಲ. ಫ್ಲೆಕ್ಸ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಗೊತ್ತು. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಮೂಲಾಕ್ಷರಕ್ಕೂ, ಒಂದೊಂದು ಕಾಗುಣಿತದ ಗುರುತಿಗೂ ಮೂರು ಬೈಟ್. ದಾವಣಗೆರೆಯ ದ ಅಂದರೆ 224, 178, 166. ಕನ್ನಡದ ಸೊನ್ನೆ ೦ ಅಂದರೆ 224, 179, 166. ೦ ಇಂದ ೯ರ ತನಕ ಮೊದಲ ಎರಡು ಬೈಟ್ ಅವೇ, ಮೂರನೆಯದು ಮಾತ್ರ 166ರಿಂದ 175ಕ್ಕೆ ಏರುತ್ತದೆ. ಕನ್ನಡ ಅಂಕಿಗಳಿಗೆ ನಿಯಮ ಬರೆದರೆ 224 ಒಂದು ಗುಂಪು, 179 ಒಂದು ಗುಂಪು, 166ರಿಂದ 175ರವರೆಗಿನ ಹತ್ತು ಬೈಟ್ ಸೇರಿ ಒಂದು ಗುಂಪು. 8 ಇದ್ದದ್ದು 11 ಆಗುತ್ತದೆ, ಅಷ್ಟೇ. ದ ಮತ್ತು ೦ ಎರಡರ ಕೊನೆಯ ಬೈಟೂ ಒಂದೇ ಗುಂಪಿನಲ್ಲಿದೆಯಲ್ಲ, ಕಲಸಿಹೋಗುವುದಿಲ್ಲವಾ? ಇಲ್ಲ. ನಡುವಿನ ಬೈಟ್ 179 ಆಗಿದ್ದರೆ ಮಾತ್ರ ಸ್ಕ್ಯಾನರ್ ಅಂಕಿಯ ದಾರಿ ಹಿಡಿದಿರುತ್ತದೆ. 178 ಬಂದಾಗಲೇ ದ ಆ ದಾರಿಯಿಂದ ಹೊರಗೆ ಬಿದ್ದಿರುತ್ತದೆ, 166ರ ಸರದಿ ಬರುವ ಮೊದಲೇ.