ಕಪ್ಪು ಬಣ್ಣ ಬಿಡಲಾಗದ ಪ್ರೊಜೆಕ್ಟರ್

ಪ್ರೊಜೆಕ್ಟರ್ ಗೋಡೆಯ ಮೇಲೆ ಯಾವ ಬಣ್ಣ ಬೇಕಾದರೂ ಬಿಡುತ್ತದೆ, ಕಪ್ಪೊಂದನ್ನು ಬಿಟ್ಟು. ಬೆಳಕು ಬೀಳದ ಜಾಗವೇ ಅದರ ಕಪ್ಪು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಡಿಸೆಂಬರ್ ಬಂತೆಂದರೆ ನಡೆಯುವ ದೀಪೋತ್ಸವದಲ್ಲಿ ಕಟ್ಟಡಗಳ ಮೇಲೆ ಚಿತ್ರ ಬಿಡುವ ಕಲಾವಿದರ ತಲೆನೋವು ಇದೇ.

ಹಬ್ಬ ಶುರುವಾಗಿದ್ದು ಮೇಣದಬತ್ತಿಯಿಂದ. 1852ರಲ್ಲಿ ಫೂರ್ವಿಯೆರ್ ಗುಡ್ಡದ ಮೇಲೆ ಮೇರಿ ಮಾತೆಯ ಪ್ರತಿಮೆ ಇಡಬೇಕಿತ್ತು. ಸೆಪ್ಟೆಂಬರ್ 8ಕ್ಕೆ ಅಂದುಕೊಂಡಿದ್ದರು, ಸೋನ್ ನದಿಯ ನೆರೆಯಿಂದಾಗಿ ಡಿಸೆಂಬರ್ 8ಕ್ಕೆ ಹೋಯಿತು. ಆವತ್ತೂ ಗಾಳಿ, ಮಳೆ. ಸಂಜೆ ಮೋಡ ಸರಿದಾಗ ಜನ ತಾವಾಗಿಯೇ ಕಿಟಕಿಗಳಲ್ಲಿ ದೀಪ ಇಟ್ಟರು. ಈಗಲೂ ಇಡುತ್ತಾರೆ: ಏಣುಗಳಿರುವ ಪುಟ್ಟ ಗಾಜಿನ ಲೋಟ, ಒಳಗೆ ಗಿಡ್ಡ ಬತ್ತಿ. ಒಂದೊಂದು ಏಣೂ ಬೆಳಕನ್ನು ಬಗ್ಗಿಸುವುದರಿಂದ ಒಂದೇ ಕುಡಿ ಹಲವಾಗಿ ಕಾಣುತ್ತದೆ.

ಈ ಬತ್ತಿ ಒಂದು ಮೀಟರ್ ದೂರದಲ್ಲಿ ಕೊಡುವ ಬೆಳಕು ಸುಮಾರು 1 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಹತ್ತು ಮೀಟರ್‌ಗೆ ಹೋದರೆ ಅದರ ನೂರನೇ ಒಂದು ಪಾಲು. ಆದರೂ ನದಿಯ ಆಚೆ ದಡದಿಂದ ದೀಪ ಕಾಣುತ್ತದೆ. ದೀಪ ಕಾಣುವುದು ಬೇರೆ, ದೀಪದಿಂದ ಗೋಡೆ ಕಾಣುವುದು ಬೇರೆ, ಅಲ್ವಾ?

ಇವತ್ತಿನ ಕಲಾವಿದರಿಗೆ ಬೇಕಾಗಿರುವುದು ಗೋಡೆ. ಸೇಂಟ್ ಜಾನ್ ಕೆಥೆಡ್ರಲ್‌ನಂಥ ಕಟ್ಟಡದ ಇಡೀ ಮುಂಭಾಗವೇ ಅವರ ಪರದೆ. ಒಂದು ಲೆಕ್ಕ ಹಾಕೋಣ. ಪ್ರೊಜೆಕ್ಟರ್ ಹೊರಬಿಡುವ ಒಟ್ಟು ಬೆಳಕಿನ ಅಳತೆ ಲ್ಯೂಮೆನ್; ಒಂದು ಚದರ ಮೀಟರ್ ಮೇಲೆ ಒಂದು ಲ್ಯೂಮೆನ್ ಬಿದ್ದರೆ 1 ಲಕ್ಸ್. 30,000 ಲ್ಯೂಮೆನ್‌ನ ಪ್ರೊಜೆಕ್ಟರನ್ನು 30 ಮೀಟರ್ ಅಗಲ, 30 ಮೀಟರ್ ಎತ್ತರದ ಗೋಡೆಗೆ ಹಿಡಿದರೆ ಬೀಳುವುದು ಬರೀ 33 ಲಕ್ಸ್. ಅದೇ ಗೋಡೆಗೆ ಬೀದಿದೀಪದಿಂದ 15 ಲಕ್ಸ್ ಬೀಳುತ್ತಿದ್ದರೆ? ಚಿತ್ರದ ಕಪ್ಪು 15, ಬಿಳುಪು 48. ವ್ಯತ್ಯಾಸ ಮೂರು ಪಟ್ಟಿಗಿಂತ ಚೂರು ಜಾಸ್ತಿ, ಅಷ್ಟೇ. ಚಿತ್ರ ನೀರು ಬೆರೆಸಿದ ಹಾಲಿನಂತೆ ಪೇಲವವಾಗುತ್ತದೆ. ಬೀದಿದೀಪ ಆರಿಸಿ, ಹುಣ್ಣಿಮೆಯ ಕಾಲು ಲಕ್ಸ್ ಮಾತ್ರ ಉಳಿಸಿ ನೋಡಿ: ವ್ಯತ್ಯಾಸ ನೂರು ಪಟ್ಟು ದಾಟುತ್ತದೆ. ಜಾಸ್ತಿ ದುಡ್ಡಿನ ಪ್ರೊಜೆಕ್ಟರ್‌ಗಿಂತ ಒಂದು ಸ್ವಿಚ್ ದೊಡ್ಡ ಕೆಲಸ ಮಾಡುತ್ತದೆ.

ಉಳಿದದ್ದು ತಾಳ್ಮೆಯ ಕೆಲಸ. ಗೋಡೆಯ ಉಬ್ಬುತಗ್ಗನ್ನು ಮೊದಲೇ ಲೇಸರ್‌ನಿಂದ ಅಳೆದಿರುತ್ತಾರೆ. ರಾತ್ರಿ ಅದರ ಮೇಲೆ ಗೆರೆಗಳ ಚೌಕಳಿ ಬಿಟ್ಟು, ಒಂದೊಂದೇ ಬಿಂದುವನ್ನು ಮೌಸ್‌ನಿಂದ ಎಳೆದು ಕಲ್ಲಿನ ಅಂಚಿಗೆ ಕೂರಿಸುತ್ತಾರೆ. ಎರಡು ಪ್ರೊಜೆಕ್ಟರ್‌ಗಳ ಚಿತ್ರ ಸೇರುವಲ್ಲಿ ಬೆಳಕು ಇಮ್ಮಡಿಯಾಗದಂತೆ ಎರಡರ ಅಂಚನ್ನೂ ಮಂಕು ಮಾಡುತ್ತಾರೆ. ಗಾಜಿನದ್ದೇ ತರಲೆ: ಬಿದ್ದ ಬೆಳಕು ಬಹುಪಾಲು ಒಳಗೆ ಹೋಗುತ್ತದೆ, ಹಾಗಾಗಿ ಚಿತ್ರದಲ್ಲಿ ಕಿಟಕಿಯಷ್ಟಗಲ ಕಪ್ಪು. ಒಳಗೆ ಯಾರಾದರೂ ಲೈಟ್ ಮರೆತು ಹೋಗಿದ್ದರೆ ಅಲ್ಲಿ ಹಳದಿ ತೂತು. ಕಿಟಕಿಯ ದೀಪದಿಂದಲೇ ಹುಟ್ಟಿದ ಹಬ್ಬಕ್ಕೆ ಈಗ ಕಿಟಕಿಯ ದೀಪವೇ ಕಾಟ!

2015ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಉಗ್ರರ ದಾಳಿ ನಡೆದಾಗ ಲಿಯೋನ್ ಆ ವರ್ಷದ ಹಬ್ಬವನ್ನು ರದ್ದು ಮಾಡಿತು. ಡಿಸೆಂಬರ್ 8ರ ಸಂಜೆ ಜನ ಗಾಜಿನ ಲೋಟಗಳನ್ನು ತೆಗೆದು ಕಿಟಕಿಗಳಲ್ಲಿ ಬತ್ತಿ ಹಚ್ಚಿದರು.