ಎಕ್ಸೋಮ್ ವರದಿಗೆ ಸಿಗದ ಯು4

ಎರಡು ವರ್ಷ ತುಂಬಿದರೂ ಮಗು ಕೂರುತ್ತಿಲ್ಲ, ಮಾತಿಲ್ಲ, ಆಗಾಗ ಫಿಟ್ಸ್. ಕೋಲಾರ, ಚಿಂತಾಮಣಿ ಕಡೆಯವರು ಇಂಥ ಮಗುವನ್ನು ಆಸ್ಪತ್ರೆಗೆ ತಂದರೆ ಮೊದಲು ಎದುರಾಗುವ ಪ್ರಶ್ನೆ: ‘ಸಂಬಂಧದಲ್ಲೇ ಮದುವೆಯಾ?’ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯಿರುವ ಸೀಮೆಯಲ್ಲಿ ಆ ಪ್ರಶ್ನೆ ತಪ್ಪಲ್ಲ. ಜೀನ್‌ಗಳಲ್ಲಿ ದೋಷ ಹುಡುಕುವ ಎಕ್ಸೋಮ್ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ತಪ್ಪು ಸೋದರಿಕೆಯ ತಲೆಗೇ ಬೀಳುತ್ತದಲ್ಲ, ತಕರಾರು ಇರುವುದು ಅಲ್ಲಿ. 2024ರಲ್ಲಿ ಪತ್ತೆಯಾದ ರೆನ್ಯು ಸಿಂಡ್ರೋಮ್ ಎಂಬ ಕಾಯಿಲೆಯ ಮಟ್ಟಿಗಂತೂ ಅದು ಅನ್ಯಾಯ.

ಆ ಪತ್ತೆಯ ಬೇರು ಅರವತ್ತರ ದಶಕದಲ್ಲಿದೆ. ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ ನೂರು ಇನ್ನೂರು ಅಕ್ಷರ (ರಾಸಾಯನಿಕ ಘಟಕ) ಉದ್ದದ ಪುಟ್ಟ ಆರ್‌ಎನ್‌ಎಗಳು ರಾಶಿಗಟ್ಟಲೆ ಇರುವುದು ಆಗಲೇ ಕಂಡಿತ್ತು. ಯುರಿಡಿನ್ ಎಂಬ ಅಕ್ಷರ ಹೆಚ್ಚಿದ್ದುದರಿಂದ ಯು1, ಯು2 ಎಂಬ ಹೆಸರು ಬಂತು. ಕೆಲಸವೇನೆಂದು ಯಾರಿಗೂ ಗೊತ್ತಿರಲಿಲ್ಲ. 1977ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ತಂಡಗಳು ಜೀನ್‌ಗಳು ತುಂಡು ತುಂಡಾಗಿರುವುದನ್ನು ತೋರಿಸಿದವು. ಜೀನಿನ ಆರ್‌ಎನ್‌ಎ ಪ್ರತಿಯಿಂದ ನಡುವಿನ ಬೇಡದ ತುಂಡುಗಳಾದ ಇಂಟ್ರಾನ್‌ಗಳನ್ನು ಕತ್ತರಿಸಿ ತೆಗೆದು, ಉಳಿದ ತುಂಡುಗಳಾದ ಎಕ್ಸಾನ್‌ಗಳನ್ನು ಬೆಸೆದರಷ್ಟೇ ಪ್ರೋಟೀನ್. ಶಿಡ್ಲಘಟ್ಟದ ರೇಷ್ಮೆ ಬಿಚ್ಚುವವರು ಕೆಟ್ಟ ನೂಲನ್ನು ಕಿತ್ತು ತುದಿಗಳನ್ನು ಗಂಟು ಹಾಕಿದಂತೆಯೇ. ಅಲ್ಲಿ ಕಣ್ಣಿದೆ, ಅನುಭವವಿದೆ. ಇಲ್ಲಿ ಕತ್ತರಿ ಎಲ್ಲಿಡಬೇಕೆಂದು ಹೇಳುವವರು ಯಾರು?

ಉತ್ತರಕ್ಕೆ ದಾರಿ ಸಿಕ್ಕಿದ್ದು ಲೂಪಸ್ ರೋಗಿಗಳ ರಕ್ತದಲ್ಲಿ. ತಮ್ಮ ದೇಹದ ಮೇಲೇ ತಿರುಗಿಬಿದ್ದ ಅವರ ಪ್ರತಿಕಾಯಗಳು ಯು ಆರ್‌ಎನ್‌ಎ ಮತ್ತು ಪ್ರೋಟೀನ್‌ಗಳ ಜೋಡಿಯನ್ನು ಹಿಡಿಯುತ್ತವೆಂದು 1979ರಲ್ಲಿ ಮೈಕೆಲ್ ಲರ್ನರ್ ಮತ್ತು ಜೋನ್ ಸ್ಟೈಟ್ಜ್ ಕಂಡುಕೊಂಡರು. ಮರುವರ್ಷ ಇನ್ನೂ ಸ್ಪಷ್ಟವಾಯಿತು: 164 ಅಕ್ಷರದ ಯು1ರ ತುದಿ, ಇಂಟ್ರಾನ್ ಶುರುವಾಗುವ ಅಕ್ಷರಗಳಿಗೆ ಜೋಡಿಯಾಗುವಂತಿದೆ. 1986ರ ಪ್ರಯೋಗ ವಾದ ಮುಗಿಸಿತು. ಕತ್ತರಿಸುವ ಜಾಗದ ಅಕ್ಷರ ಕೆಡಿಸಿದಾಗ ಕೆಲಸ ನಿಂತಿತು; ಯು1ರಲ್ಲೂ ಅದಕ್ಕೆ ಹೊಂದುವ ಅಕ್ಷರ ಬದಲಿಸಿದಾಗ ಮತ್ತೆ ನಡೆಯಿತು.

ಇದು ನಮಗೆ ದೂರದ ವಿಷಯವಲ್ಲ. ಭಾರತದಲ್ಲಿ ಬೀಟಾ ಥಲಸ್ಸೇಮಿಯಾ ಎಂಬ ವಂಶವಾಹಿ ರಕ್ತಹೀನತೆಗೆ ಅತಿ ಸಾಮಾನ್ಯ ಕಾರಣ, ಗ್ಲೋಬಿನ್ ಜೀನಿನ ಮೊದಲ ಇಂಟ್ರಾನಿನ ಐದನೇ ಅಕ್ಷರ ಜಿ ಹೋಗಿ ಸಿ ಆಗುವುದು. ಯು1ರ ಹಿಡಿತ ಅಷ್ಟಕ್ಕೇ ಸಡಿಲವಾಗಿ, ಕತ್ತರಿ ಅಕ್ಕಪಕ್ಕದ ಸುಳ್ಳು ಜಾಗಗಳಲ್ಲಿ ಬೀಳುತ್ತದೆ.

ಥಲಸ್ಸೇಮಿಯಾದಲ್ಲಿ ಕೆಟ್ಟದ್ದು ಬಟ್ಟೆ. 2024ರಲ್ಲಿ ಸಿಕ್ಕಿದ್ದು ಕತ್ತರಿಯೇ ಕೆಟ್ಟ ಪ್ರಕರಣ. ಯು4 ಕೂಡ ಆ ಕತ್ತರಿಯ ಭಾಗ; ಅದರ ಕೆಲಸ ಯು6 ಎಂಬ ಇನ್ನೊಂದು ಆರ್‌ಎನ್‌ಎಯನ್ನು ಸಮಯ ಬರುವವರೆಗೆ ಕಟ್ಟಿಟ್ಟು, ಆಮೇಲೆ ಬಿಡುವುದು. ಯು4 ಅನ್ನು ಬರೆಯುವ ಆರ್‌ಎನ್‌ಯು4-2 ಜೀನಿನ ನಡುವಿನ 18 ಅಕ್ಷರಗಳಲ್ಲಿ ಒಂದು ಹೆಚ್ಚುವರಿ ಅಕ್ಷರ ನುಸುಳಿದರೂ ಸಾಕು, ಬೆಳವಣಿಗೆ ಕುಂಠಿತ, ಸ್ನಾಯು ಸಡಿಲ, ಸಣ್ಣ ತಲೆ, ಫಿಟ್ಸ್. ಇದೇ ಆ ರೆನ್ಯು ಸಿಂಡ್ರೋಮ್. ದೋಷ ಬಹುಪಾಲು ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದು. ಅಪ್ಪ ಅಮ್ಮನಿಂದ ಬಂದ ಎರಡು ಪ್ರತಿಗಳಲ್ಲಿ ಒಂದೇ ಕೆಟ್ಟರೂ ಕಾಯಿಲೆ. ಸೋದರಿಕೆಯ ಅಪಾಯ ಇರುವುದು ಎರಡೂ ಪ್ರತಿ ಕೆಡಬೇಕಾದ ಕಾಯಿಲೆಗಳಲ್ಲಿ. (ಯು4ರ ದಾಯಾದಿ ಯು4ಎಟಿಎಸಿ ಕೆಡುವುದು ಅಂಥದ್ದೇ. ಅಲ್ಲಿ ಸಂಬಂಧದ ಪ್ರಶ್ನೆ ಕೇಳಲೇಬೇಕು.)

ಎಕ್ಸೋಮ್ ಪರೀಕ್ಷೆ ಇದನ್ನು ಬಿಟ್ಟುಬಿಡುವುದೇಕೆ? ಅದು ಪ್ರೋಟೀನ್ ಬರೆಯುವ ಭಾಗವನ್ನಷ್ಟೇ, ಅಂದರೆ ಡಿಎನ್‌ಎಯ ಶೇ 2ಕ್ಕಿಂತ ಕಡಿಮೆ ಭಾಗವನ್ನು, ಹೆಕ್ಕಿ ಓದುತ್ತದೆ. ಯು4 ಪ್ರೋಟೀನ್ ಬರೆಯುವುದಿಲ್ಲ. ಈಗಾಗಲೇ ಪೂರ್ತಿ ಜೀನೋಮ್ ಓದಿಸಿದ್ದರೆ ಹೊಸ ರಕ್ತ ಬೇಡ; ಹಳೆಯ ಕಡತದಲ್ಲೇ ಈ ಜೀನನ್ನು ಹೆಸರು ಹೇಳಿ ಹುಡುಕಿಸಬಹುದು. ಇಲ್ಲವಾದರೆ ಆ ತುಂಡನ್ನಷ್ಟೇ ಪಿಸಿಆರ್ ಮಾಡಿ, ಅಂದರೆ ನಕಲು ಹೆಚ್ಚಿಸಿ, ಸ್ಯಾಂಗರ್ ವಿಧಾನದಲ್ಲಿ ಅಕ್ಷರ ಅಕ್ಷರವಾಗಿ ಓದಿಸಬಹುದು. ಮಗುವಿನದೂ ಅಪ್ಪ ಅಮ್ಮನದೂ ತಲಾ 2-3 ಮಿಲಿ ರಕ್ತ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ. ಹಸಿರು ಮುಚ್ಚಳದ್ದು ಬೇಡ, ಅದರ ಹೆಪಾರಿನ್ ಪಿಸಿಆರ್‌ಗೆ ಅಡ್ಡಿ. ತುಂಬಿದ ಕೂಡಲೇ ಮೆಲ್ಲಗೆ ಎಂಟು ಹತ್ತು ಸಲ ತಿರುವಿಹಾಕದಿದ್ದರೆ ಹೆಪ್ಪುಗಟ್ಟುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಡಿಎನ್‌ಎ ಕೆಲವು ದಿನ ತಡೆಯುತ್ತದೆ, ಬೆಂಗಳೂರಿಗೆ ಮರುದಿನ ಕಳಿಸಿದರೂ ನಡೆಯುತ್ತದೆ.

ಲ್ಯಾಬ್ ಎಡವುವ ಜಾಗ ಬೇರೆ. ಪಕ್ಕದಲ್ಲೇ ಆರ್‌ಎನ್‌ಯು4-1 ಎಂಬ ಅವಳಿಯಂಥ ಜೀನ್ ಇದೆ, ಯು4ರ ಸತ್ತ ನಕಲುಗಳೂ ಜೀನೋಮ್ ತುಂಬ ಚೆಲ್ಲಿವೆ. ಪಿಸಿಆರ್‌ನಲ್ಲಿ ನಕಲು ಶುರುವಾಗುವ ಜಾಗ ಗುರುತಿಸುವ ಪುಟ್ಟ ಡಿಎನ್‌ಎ ತುಂಡಾದ ಪ್ರೈಮರನ್ನು ಜೀನಿನೊಳಗೇ ಇಟ್ಟರೆ ಇವೂ ಬೆರೆತು ಓದು ಗೋಜಲಾಗುತ್ತದೆ. ಆಚೀಚೆಯ, ಬೇರೆಲ್ಲೂ ಇಲ್ಲದ ಸಾಲುಗಳಲ್ಲಿಡಬೇಕು.

ದೋಷ ಸಿಕ್ಕಿ, ಅಪ್ಪ ಅಮ್ಮನ ರಕ್ತದಲ್ಲಿ ಇಲ್ಲವೆಂದಾದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ತೀರಾ ಕಡಿಮೆ. ಸೊನ್ನೆಯಲ್ಲ, ಕೆಲವು ಅಂಡಾಣುಗಳಲ್ಲಷ್ಟೇ ಅದು ಅಡಗಿರಬಹುದು. ಮತ್ತೆ ಬಸುರಾದರೆ 15 ವಾರ ಕಳೆದ ಮೇಲೆ ಗರ್ಭಜಲ ತೆಗೆದು ಆ ಒಂದು ಅಕ್ಷರವನ್ನು ನೋಡಿಸಬಹುದು.